ಮಾರ್ಕ್ಸ್ ಓದಿದರೆ ವಿಶ್ವಾಸ ಹೋದೀತೆ?

ಪೂಜೆ ಮುಗಿದ ಮೇಲೆ ಮಳವಳ್ಳಿ ಕಡೆಯ ತಾಯಿಯೊಬ್ಬರು ಬಂದು ಬಾಗಿಲಲ್ಲಿ ನಿಂತರು. ಮಗ ಕೂಲಿಕಾರರ ಸಂಘದ ಸಭೆಗಳಿಗೆ ಹೋಗುತ್ತಾನೆ, ಮಂಡ್ಯದಿಂದ ಮಾರ್ಕ್ಸ್‌ನ ಪುಸ್ತಕ ತಂದಿದ್ದಾನೆ, ಭಾನುವಾರದ ಬಲಿಪೂಜೆಗೆ ಬರುವುದನ್ನು ಬಿಟ್ಟಿದ್ದಾನೆ. "ಸ್ವಾಮಿ, ಆ ಪುಸ್ತಕ ಒಲೆಗೆ ಹಾಕಿಬಿಡಲೇ?" ಎಂದು ಕೇಳಿದರು. ಬೇಡ ಎಂದೆ. ಏಕೆಂದು ಅಲ್ಲಿ ನಿಂತು ವಿವರಿಸಲು ಆಗಲಿಲ್ಲ.

ಮಾರ್ಕ್ಸ್ ಧರ್ಮವನ್ನು ಅಫೀಮಿಗೆ ಹೋಲಿಸಿದನೆಂಬುದು ಎಲ್ಲರಿಗೂ ಗೊತ್ತು. 1844ರಲ್ಲಿ ಪ್ರಕಟವಾದ ಅದೇ ಬರಹದಲ್ಲಿ ಆತ, ಧರ್ಮವು ನೊಂದವರ ನಿಜವಾದ ನೋವನ್ನು ಹೇಳುತ್ತದೆ, ಆ ನೋವಿನ ವಿರುದ್ಧ ಪ್ರತಿಭಟನೆಯೂ ಹೌದು ಎಂದಿದ್ದನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಆ ಕಾಲದಲ್ಲಿ ಅಫೀಮು ಔಷಧಿಯೂ ಆಗಿತ್ತು. ಆತನ ದೂರು ಇಷ್ಟೇ: ಔಷಧಿ ನೋವನ್ನು ಮರೆಸುತ್ತದೆ, ಗಾಯ ಹಾಗೇ ಉಳಿಯುತ್ತದೆ.

ಈ ದೂರನ್ನು ನಮ್ಮವರೇ ಒಬ್ಬರು ಗಂಭೀರವಾಗಿ ತೆಗೆದುಕೊಂಡರು. 1924ರಲ್ಲಿ ಕೇರಳದಲ್ಲಿ ಹುಟ್ಟಿ 1993ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಯೇಸುಸಭೆಯ ಗುರು ಸೆಬಾಸ್ಟಿಯನ್ ಕಾಪ್ಪನ್. ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾನಿಲಯದಲ್ಲಿ ಅವರು ಡಾಕ್ಟರೇಟಿಗೆ ಆರಿಸಿಕೊಂಡ ವಿಷಯವೇ ಮಾರ್ಕ್ಸ್‌ನ 1844ರ ಹಸ್ತಪ್ರತಿಗಳು. 1977ರಲ್ಲಿ ಹೊರಬಂದ 'ಜೀಸಸ್ ಅಂಡ್ ಫ್ರೀಡಂ' ಅವರ ಹೆಸರಾಂತ ಕೃತಿ. ಯೇಸು ಸಾರಿದ್ದು ಈ ಮಣ್ಣಿನ ಮೇಲೂ ಬೇರೂರಬೇಕಾದ ದೇವರ ಸಾಮ್ರಾಜ್ಯ. ನಾವೋ ಅವರನ್ನು ಪೀಠದ ಮೇಲಿಟ್ಟು ಆರಾಧಿಸಿ, ಅವರ ಪ್ರವಾದಿ ವಾಣಿಯನ್ನು ಮೆಲ್ಲಗೆ ಬದಿಗಿಟ್ಟೆವು ಎಂಬುದು ಅವರ ವಾದದ ತಿರುಳು. ರೋಮ್ ಈ ಪುಸ್ತಕದ ಬಗ್ಗೆ ವಿವರಣೆ ಕೇಳಿತು. ಕಾಪ್ಪನ್ ಸಭೆಯಲ್ಲಿ ವಿವಾದಕ್ಕೆ ಒಳಗಾದವರು ಎಂಬುದನ್ನು ಮರೆಮಾಚಿ ನಾನು ಬರೆಯಬಾರದು.

ಅವರ ಎಲ್ಲ ಮಾತನ್ನೂ ನಾನು ಒಪ್ಪುವುದಿಲ್ಲ. ಪ್ರವಾದಿ ಬೇರೆ, ಪೂಜೆ ಬೇರೆ ಎಂದು ಅವರು ಗೆರೆ ಎಳೆದದ್ದು ಅತಿಯಾಯಿತು. ಪ್ರಭುಭೋಜನಕ್ಕೆ ಕೂಡಿದಾಗ ಉಳ್ಳವರು ಹೊಟ್ಟೆತುಂಬ ಉಂಡು ಇಲ್ಲದವರು ಹಸಿದಿದ್ದರೆಂದು ಸಂತ ಪೌಲರು ಕೊರಿಂಥದವರನ್ನು ಗದರಿಸುತ್ತಾರಲ್ಲ (1 ಕೊರಿಂಥ 11), ಅಲ್ಲಿ ಬಲಿಪೀಠವೂ ಹಸಿವೂ ಒಂದೇ ಮಾತಿನಲ್ಲಿವೆ.

ಆದರೆ ಮಾರ್ಕ್ಸ್ ಓದಿದವನು ಬೈಬಲ್ ತೆರೆದರೆ ಕೇಳುವ ಪ್ರಶ್ನೆ ಉಪಯುಕ್ತ: ಹೊಲ ಯಾರದು, ದುಡಿಮೆ ಯಾರದು, ಫಸಲು ಯಾರ ಮನೆಗೆ? ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಕಬ್ಬು ಬೆಳೆದ ನಮ್ಮ ಮಂಡ್ಯ, ಮದ್ದೂರಿನ ಸೀಮೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಪರದೇಶದ್ದೆನ್ನಲಾರರು. 2015ರಲ್ಲಿ ಸಾಲದ ಹೊರೆಯಿಂದ ಇದೇ ಜಿಲ್ಲೆಯ ಕಬ್ಬು ಬೆಳೆಗಾರರು ಪ್ರಾಣ ಕಳೆದುಕೊಂಡದ್ದನ್ನು ಮರೆತಿಲ್ಲವಷ್ಟೇ.

ನೆಹೆಮೀಯನ ಗ್ರಂಥದ ಐದನೆಯ ಅಧ್ಯಾಯ ಓದಿ ನೋಡಿ. ಜೆರುಸಲೇಮಿನ ಗೋಡೆ ಏಳುತ್ತಿದೆ. ಕಟ್ಟುವವರ ಮನೆಗಳಲ್ಲೇ ಕಾಳಿಲ್ಲ. ಬರಗಾಲಕ್ಕೆ ಹೊಲ, ದ್ರಾಕ್ಷಿತೋಟ, ಮನೆ ಅಡವಿಡುತ್ತಿದ್ದೇವೆ ಎಂದು ಕೆಲವರು. ಅರಸನ ಕಂದಾಯಕ್ಕೆ ಸಾಲ ತಂದೆವು ಎಂದು ಇನ್ನು ಕೆಲವರು. ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಆಗಲೇ ದಾಸ್ಯಕ್ಕೆ ಹೋಗಿದ್ದಾರೆ ಎಂಬ ಗೋಳು. ಬಡತನ ದೇವರು ಬರೆದ ಹಣೆಬರಹವೆಂದು ಯಾರೂ ಹೇಳುವುದಿಲ್ಲ. ಒಂದೊಂದಕ್ಕೂ ಕಾರಣ ಹೇಳುತ್ತಾರೆ. ನೆಹೆಮೀಯ ಕೆರಳಿ ಸಿರಿವಂತರ ಮೇಲೆ ಸಭೆ ಕರೆಯುತ್ತಾನೆ. ಅಲ್ಲಿ ಆತ ಆಡುವ ಒಂದು ಮಾತು ಮಾರ್ಕ್ಸ್‌ನ ಲೆಕ್ಕಕ್ಕೆ ಸಿಗುವಂಥದ್ದಲ್ಲ: ನಾನೂ ನನ್ನವರೂ ಸಾಲ ಕೊಟ್ಟವರೇ, ನಾವೂ ಬಿಟ್ಟುಬಿಡೋಣ ಎನ್ನುತ್ತಾನೆ. ಸಾಲಗಾರ ಎದ್ದು ನಿಲ್ಲುವುದನ್ನು ಮಾರ್ಕ್ಸ್ ಬಲ್ಲ. ಸಾಲ ಕೊಟ್ಟವನು ದೇವರಿಗಂಜಿ ತಾನೇ ತಪ್ಪೊಪ್ಪಿ ಪತ್ರ ಹಿಂತಿರುಗಿಸುವುದು ಆತನ ಎಣಿಕೆಯಲ್ಲಿಲ್ಲ.

ಧರ್ಮಸಭೆಯ ನಿಲುವೂ ಒಂದೇ ಸಾಲಿನದಲ್ಲ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ ಸಮಾಜವಾದವನ್ನು ತಿರಸ್ಕರಿಸಿದರು, ಜೊತೆಗೇ ಕಾರ್ಮಿಕರ ಸಂಘವನ್ನೂ ನ್ಯಾಯವಾದ ಕೂಲಿಯನ್ನೂ ಎತ್ತಿಹಿಡಿದರು. ಮಾರ್ಕ್ಸ್‌ವಾದದ ವಿಶ್ಲೇಷಣೆಯನ್ನು ಕಣ್ಣುಮುಚ್ಚಿ ಎರವಲು ಪಡೆಯಬೇಡಿ ಎಂದು 1984ರಲ್ಲಿ ರೋಮ್ ಎಚ್ಚರಿಸಿತು. ದೀನರ ಸಂಕಟ ಕಂಡೂ ಕೈಕಟ್ಟಿ ಕುಳಿತವರಿಗೆ ಈ ಎಚ್ಚರಿಕೆ ನೆಪವಾಗಬಾರದೆಂದು ಅದೇ ಪತ್ರ ಹೇಳಿದ್ದನ್ನು, ನಾವು ಗುರುಗಳೂ ಸೇರಿ, ಅಷ್ಟಾಗಿ ಓದಿ ಹೇಳಲಿಲ್ಲ.

ಆ ಯುವಕನಿಗೆ ಪುಸ್ತಕ ತೆಗೆದುಕೊಂಡೇ ಬಾ ಎಂದು ಹೇಳಿಕಳುಹಿಸಿದೆ. ಬಂದ. ಗುರುವಾರ ಸಂಜೆ ಏಳೆಂಟು ಜನ ಕುಳಿತು ನೆಹೆಮೀಯನ ಈ ಅಧ್ಯಾಯವನ್ನೇ ಓದಿದೆವು. ಅವನೂ ನಾನೂ ಬಡ್ಡಿಯ ವಿಚಾರದಲ್ಲಿ ವಾದಕ್ಕಿಳಿದಿದ್ದಾಗ, ಅಷ್ಟುಹೊತ್ತು ಸುಮ್ಮನಿದ್ದ ಅವನ ತಾಯಿ ಹನ್ನೊಂದನೆಯ ವಚನ ಇನ್ನೊಮ್ಮೆ ಓದಿಸಿದರು. ಹೊಲ, ದ್ರಾಕ್ಷಿತೋಟ, ಎಣ್ಣೆಮರಗಳ ತೋಪು, ಮನೆ, ಬಡ್ಡಿ, ಎಲ್ಲ ಹಿಂದಕ್ಕೆ ಕೊಡಿ ಎಂದಿದೆ. "ಆ ಹೆಣ್ಣುಮಕ್ಕಳು ಮನೆಗೆ ಬಂದರಾ ಸ್ವಾಮಿ?" ಎಂದರು. ಮಗನೂ ನಾನೂ ಪುಟ ಹಿಂದೆ ಮುಂದೆ ತಿರುವಿದೆವು. ಪಟ್ಟಿಯಲ್ಲಿ ಅವರ ಮಾತೇ ಇಲ್ಲ.