ಮುಳುಗುಗಾರನ ತೂಕ ಮತ್ತು ಸಮತೋಲ: ಒಂದು ವಿವೇಚನೆ

ನೀರಿನಲ್ಲಿ ಮುಳುಗಿದ ವಸ್ತುವನ್ನು, ಅದು ಹೊರದೂಡಿದ ನೀರಿನ ತೂಕದಷ್ಟೇ ಬಲವು ಮೇಲಕ್ಕೆ ನೂಕುತ್ತದೆ ಎಂಬ ಆರ್ಕಿಮಿಡೀಸನ ತತ್ತ್ವವನ್ನು ನಮ್ಮ ಶಾಲೆಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಂಠಪಾಠ ಮಾಡಿರುತ್ತಾನೆ. ಇದೇ ತತ್ತ್ವವನ್ನು ನಂಬಿ ಪ್ರಾಣವನ್ನು ಪಣವಾಗಿಡುವ ವಿದ್ಯೆಯೊಂದುಂಟು. ಅದು ಉಸಿರಾಟದ ಗಾಳಿಯನ್ನು ಬೆನ್ನ ಮೇಲೆ ಹೊತ್ತು ಆಳಕ್ಕಿಳಿಯುವ ಸ್ಕೂಬಾ ವಿದ್ಯೆ. 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾಂ ಎಂಬುವರು ಅಕ್ವಾಲಂಗ್ ಉಪಕರಣವನ್ನು ರೂಪಿಸಿದ ತರುವಾಯ ಇದು ಜಗತ್ತಿನಲ್ಲೆಲ್ಲ ಹರಡಿತು. ಮುರುಡೇಶ್ವರದಿಂದ ದೋಣಿಯೇರಿ ನೇತ್ರಾಣಿ ದ್ವೀಪದ ಬಳಿ ಮುಳುಗುವವರು ಇಂದು ನಮ್ಮಲ್ಲಿಯೂ ಇದ್ದಾರೆ. ಮುಳುಗುಗಾರನು ಆಪತ್ತಿಗೆಂದು ಮತ್ತೊಂದು ಚಿಕ್ಕ ಸಿಲಿಂಡರನ್ನು ಹೊತ್ತಾಗ ಅವನ ತೂಕವೂ ಸಮತೋಲವೂ ಹೇಗೆ ಬದಲಾಗುತ್ತವೆ ಎಂಬುದನ್ನು ಇಲ್ಲಿ ವಿವೇಚಿಸೋಣ.

ತೂಕದ ಲೆಕ್ಕ

ಮನುಷ್ಯದೇಹವೂ ರಬ್ಬರಿನ ಉಡುಪೂ ತೇಲುವ ಗುಣವುಳ್ಳವು. ಆದಕಾರಣ ಮುಳುಗುಗಾರನು ಸೊಂಟಕ್ಕೆ ಸೀಸದ ತುಂಡುಗಳನ್ನು ಕಟ್ಟಿಕೊಳ್ಳುತ್ತಾನೆ. ಸೀಸವು ಹೆಚ್ಚಾದರೆ ಗಾಳಿ ತುಂಬುವ ಜಾಕೀಟಿಗೆ ಹೆಚ್ಚು ಗಾಳಿ ಬೇಕಾಗುತ್ತದೆ. ಬಾಯ್ಲನ ನಿಯಮದಂತೆ ಹತ್ತು ಮೀಟರು ಆಳದಲ್ಲಿ ಒಂದು ಲೀಟರಿದ್ದ ಗಾಳಿ ಮೇಲ್ಮೈಯಲ್ಲಿ ಎರಡು ಲೀಟರಾಗುವುದರಿಂದ, ಅದು ಅವನನ್ನು ಅಪಾಯಕರ ವೇಗದಿಂದ ಮೇಲಕ್ಕೆ ಸೆಳೆಯಬಹುದು. ಸೀಸವು ಕಡಿಮೆಯಾದರೆ ಕೊನೆಯಲ್ಲಿ ಅವನು ಆಳದಲ್ಲಿ ನಿಲ್ಲಲಾರನು. ಏಕೆಂದರೆ ಗಾಳಿಗೂ ತೂಕವುಂಟು. ಹನ್ನೊಂದು ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ಸುಮಾರು 2200 ಲೀಟರು ಗಾಳಿಯಿದ್ದು, ಅದರ ತೂಕ ಎರಡೂವರೆ ಕಿಲೋಗ್ರಾಮಿಗೂ ಮಿಗಿಲು. ಅದನ್ನು ಉಸಿರಾಡಿದಂತೆಲ್ಲ ಮುಳುಗುಗಾರನು ಹಗುರಾಗುತ್ತಾನೆ. ಆದುದರಿಂದ ಸೀಸವನ್ನು ಪ್ರಾರಂಭಕ್ಕಲ್ಲ, ಮುಕ್ತಾಯಕ್ಕೆ ಅಳೆಯಬೇಕು. ಸಿಲಿಂಡರಿನಲ್ಲಿ 50 ಬಾರ್ ಉಳಿದಿರುವಾಗ, ಜಾಕೀಟು ಬರಿದಾಗಿರುವಾಗ, ಐದು ಮೀಟರು ಆಳದಲ್ಲಿ ಏರದೆ ಇಳಿಯದೆ ನಿಲ್ಲಲು ಸಾಧ್ಯವಾಗಬೇಕೆಂಬುದು ವಾಡಿಕೆಯ ಪರೀಕ್ಷೆ.

ಚಿಕ್ಕ ಸಿಲಿಂಡರಿನ ಸಮಸ್ಯೆ

ಆಪತ್ತಿನ ಈ ಸಿಲಿಂಡರಿಗೆ ‘ಪೋನಿ’, ಎಂದರೆ ಪುಟ್ಟ ಜಾತಿಯ ಕುದುರೆಯ ಹೆಸರಿದೆ. ಮೂರು ಲೀಟರಿನ ಪೋನಿಯಲ್ಲಿ 200 ಬಾರ್ ಒತ್ತಡದಲ್ಲಿ ಸುಮಾರು 600 ಲೀಟರು, ಅಂದರೆ ಸುಮಾರು 700 ಗ್ರಾಂ ಗಾಳಿ ಹಿಡಿಯುತ್ತದೆ. ಸಾಮಾನ್ಯ ದಿನಗಳಲ್ಲಿ ಅದನ್ನು ಮುಟ್ಟುವುದೇ ಇಲ್ಲ. ಹಾಗಾದರೆ ತುಂಬಿದ ಪೋನಿಯ ಭಾರವನ್ನು ಲೆಕ್ಕ ಹಿಡಿದು ಅಷ್ಟೇ ಸೀಸವನ್ನು ತೆಗೆದುಹಾಕಬಹುದಲ್ಲವೇ? ಮೇಲುನೋಟಕ್ಕೆ ಇದು ಯುಕ್ತವೆಂದೇ ತೋರುತ್ತದೆ.

ಆದರೆ ಮೂವತ್ತು ಮೀಟರು ಆಳದಲ್ಲಿ ಮುಖ್ಯ ಸಿಲಿಂಡರು ಬರಿದಾಯಿತೆಂದು ಭಾವಿಸೋಣ. ಗಾಬರಿಗೊಂಡವನು ಮೇಲ್ಮೈಯ ಅಳತೆಯಲ್ಲಿ ನಿಮಿಷಕ್ಕೆ 30 ಲೀಟರು ಉಸಿರಾಡಿದರೆ, ಅಲ್ಲಿನ ನಾಲ್ಕು ಪಟ್ಟು ಒತ್ತಡದಲ್ಲಿ ಒಂದು ನಿಮಿಷಕ್ಕೆ 120 ಲೀಟರು ವೆಚ್ಚವಾಗುತ್ತದೆ. ನಿಮಿಷಕ್ಕೆ ಒಂಬತ್ತು ಮೀಟರಿನಂತೆ ಏರಲು ಸುಮಾರು 250 ಲೀಟರು, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಲು 135 ಲೀಟರು ಬೇಕು. ಒಟ್ಟು ಸುಮಾರು 500 ಲೀಟರು. ಅದರ ತೂಕ 600 ಗ್ರಾಂ. ಇದರೊಡನೆ ಪರೀಕ್ಷೆಯ ಕಾಲದಲ್ಲಿ ಮುಖ್ಯ ಸಿಲಿಂಡರಿನಲ್ಲಿ ಉಳಿದಿದ್ದ 50 ಬಾರ್ ಗಾಳಿಯೂ ಈಗ ಇಲ್ಲ. ಅದು ಮತ್ತೆ ಸುಮಾರು 650 ಗ್ರಾಂ. ಹೀಗೆ ಮುಳುಗುಗಾರನು ತನ್ನ ಲೆಕ್ಕಕ್ಕಿಂತ ಒಂದೂಕಾಲು ಕಿಲೋಗ್ರಾಂ ಹಗುರಾಗಿ, ನಿಲ್ಲಲೇಬೇಕಾದ ಸ್ಥಳದಲ್ಲಿ ನಿಲ್ಲಲಾರದೆ ಮೇಲಕ್ಕೆ ತೇಲಿಹೋಗುವನು. ಯಾವ ದಿನಕ್ಕೆಂದು ಪೋನಿಯನ್ನು ಹೊತ್ತನೋ ಆ ದಿನವೇ ಲೆಕ್ಕವು ಕೈಕೊಡುತ್ತದೆ!

ಆದ್ದರಿಂದ ಸೂತ್ರವಿಷ್ಟೆ: ಆಪತ್ತಿಗೆ ಕೂಡಿಟ್ಟ ಗಾಳಿಯನ್ನು ವೆಚ್ಚವಾದುದೆಂದೇ ಎಣಿಸಬೇಕು. ಲೋಹದ ಮತ್ತು ರೆಗ್ಯುಲೇಟರಿನ ಭಾರವನ್ನು ಮಾತ್ರ ಸೀಸದಿಂದ ಕಳೆಯಬಹುದು. ಒಳಗಿನ ಗಾಳಿಯ ಭಾರವನ್ನು ಕಳೆಯಬಾರದು. ಪೋನಿಯನ್ನು ಜೊತೆಗಾರನ ಕೈಗೆ ಕೊಡಬೇಕಾಗಬಹುದಾದರೆ ಲೋಹದ ಭಾರವನ್ನೂ ಕಳೆಯಬಾರದು. ಪರೀಕ್ಷೆಯನ್ನು ಮುಳುಗುವ ನೀರಿನಲ್ಲಿಯೇ ಮಾಡತಕ್ಕದ್ದು. ನೂರು ಲೀಟರು ನೀರನ್ನು ಹೊರದೂಡುವವನಿಗೆ ಕೆರೆಗಿಂತ ಸಮುದ್ರದಲ್ಲಿ ಸುಮಾರು ಎರಡೂವರೆ ಕಿಲೋಗ್ರಾಂ ಹೆಚ್ಚು ಸೀಸ ಬೇಕಾಗುತ್ತದೆ.

ಸಮತೋಲದ ವಿಚಾರ

ಸೊಂಟದಲ್ಲಿ ನೀರಿನ ಕೊಡ ಹೊತ್ತವರು ಇನ್ನೊಂದು ಪಕ್ಕಕ್ಕೆ ವಾಲಿ ನಡೆಯುವುದನ್ನು ಎಲ್ಲರೂ ನೋಡಿದ್ದೇವೆ. ನೀರಿನೊಳಗೆ ಹಾಗೆ ವಾಲಲು ನೆಲದ ಆಸರೆಯಿಲ್ಲ. ಪೋನಿಯನ್ನು ಮುಖ್ಯ ಸಿಲಿಂಡರಿನ ಬಲಕ್ಕೆ ಬಿಗಿದರೆ ದೇಹವು ಬಲಕ್ಕೆ ಉರುಳುತ್ತದೆ. ಇಲ್ಲಿ ಭಾರದಷ್ಟೇ ದೂರವೂ ಮುಖ್ಯ. ನೀರಿನಲ್ಲಿ ಒಂದೂವರೆ ಕಿಲೋಗ್ರಾಂ ತೂಗುವ ಪೋನಿ ಬೆನ್ನೆಲುಬಿನಿಂದ 15 ಸೆಂಟಿಮೀಟರು ದೂರದಲ್ಲಿದೆಯೆಂದಿಟ್ಟುಕೊಳ್ಳೋಣ. ಸೊಂಟದ ಬಲಭಾಗದಲ್ಲಿ 12 ಸೆಂಟಿಮೀಟರು ದೂರದಲ್ಲಿರುವ ಒಂದು ಕಿಲೋಗ್ರಾಂ ಸೀಸವನ್ನು ಎಡಕ್ಕೆ ಅಷ್ಟೇ ದೂರಕ್ಕೆ ಸರಿಸಿದರೆ ಸಾಕು. ಬಲದಲ್ಲಿ ಕಳೆದು ಎಡದಲ್ಲಿ ಕೂಡಿಸಿದ್ದರಿಂದ ಅದರ ಪರಿಣಾಮ ಇಮ್ಮಡಿಯಾಗುತ್ತದೆ. ಪೋನಿಯನ್ನು ಎದೆಯಿಂದ ಸೊಂಟದವರೆಗೆ ಪಕ್ಕದಲ್ಲಿ ತೂಗುಹಾಕಿದರೆ ಭಾರವು ದೇಹದ ಕೆಳಗೆ ಬಂದು ಉರುಳುವಿಕೆ ಕಡಿಮೆಯಾಗುವುದುಂಟು. ತಲೆ ತಗ್ಗಿದರೆ ಸೀಸವನ್ನು ಕಾಲಿನ ಕಡೆಗೂ, ಕಾಲು ತಗ್ಗಿದರೆ ಭುಜದ ಕಡೆಗೂ ಸರಿಸಬೇಕು. ಕೈಕಾಲಾಡಿಸದೆ ಸುಮ್ಮನಿದ್ದು ದೇಹ ಯಾವ ಕಡೆಗೆ ತಿರುಗುತ್ತದೆಂದು ನೋಡುವುದೇ ಇದಕ್ಕೆ ಪರೀಕ್ಷೆ. ಪೋನಿ ಬರಿದಾದಂತೆ ಈ ಸಮತೋಲವೂ ತುಸು ಬದಲಾಗುವುದರಿಂದ, ತುಂಬಿದ ಮತ್ತು ಬರಿದಾದ ಸ್ಥಿತಿಗಳ ನಡುವೆ ಹೊಂದಿಸಿಕೊಳ್ಳುವುದು ಲೇಸು.

ಇದೆಲ್ಲವನ್ನೂ ನುರಿತ ಶಿಕ್ಷಕರ ಕಣ್ಣೆದುರಿನಲ್ಲಿ, ಆಳವಿಲ್ಲದ ನೀರಿನಲ್ಲಿ ಅಭ್ಯಾಸ ಮಾಡಬೇಕು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಸಲ್ಲದಷ್ಟೆ. ಉಪಾಧ್ಯಾಯರು ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿದರೆ, ಆರ್ಕಿಮಿಡೀಸನೂ ಬಾಯ್ಲನೂ ಪರೀಕ್ಷೆಯ ಅಂಕಗಳಿಗಷ್ಟೇ ಅಲ್ಲ, ಪ್ರಾಣರಕ್ಷಣೆಗೂ ಒದಗುವರೆಂಬುದು ವಿದ್ಯಾರ್ಥಿಗಳಿಗೆ ಮನದಟ್ಟಾದೀತು.