ಕಲ್ಲಿನ ಪಾಠ, ಕಡಲ ಹುಳು

ಪಾಂಡವಪುರ, ಕೃಷ್ಣರಾಜಪೇಟೆ ಕಡೆಯ ಶಾಸನಗಳ ಪಾಠ ಓದುವ ರೂಢಿಯಿಂದ ನನಗೆ ಅಂಟಿಕೊಂಡ ಸಂಶಯಬುದ್ಧಿಯೊಂದು ಸಮುದ್ರಜೀವಿಗಳನ್ನು ಗುರುತಿಸುವಲ್ಲೂ ಕೆಲಸಕ್ಕೆ ಬಂದಿದೆ. ಶಾಸನ ಸಂಪಾದಕ ಬಿ. ಎಲ್. ರೈಸ್ ಅಚ್ಚು ಹಾಕಿಸಿದ ಪಾಠವನ್ನು ಮುಂದಿನವರು ತಿದ್ದಬಲ್ಲರು. ಕಲ್ಲು ಇನ್ನೂ ಊರಲ್ಲೇ ಇದೆ. ಹವಳದ ದಿಬ್ಬದ ಸೀ ಸ್ಲಗ್, ಅಂದರೆ ಚಿಪ್ಪು ಕಳೆದುಕೊಂಡ ಬಸವನಹುಳುವಿನ ಬಳಗದ್ದು, ಹೊಸ ಪ್ರಭೇದವೆಂದು ಯಾರಾದರೂ ಸಾರಿದಾಗಲೂ ನಾನು ಕೇಳುವುದು ಅದನ್ನೇ: ನಾಳೆ ತಿದ್ದಬೇಕಾದರೆ ಕಲ್ಲೆಲ್ಲಿ?

ಈ ಎರಡು ವಿದ್ಯೆಗಳೂ ಒಬ್ಬನ ಕೈಯಲ್ಲೇ ಕೂಡಿದ್ದವು. 1824ರಲ್ಲಿ ಕಿತ್ತೂರಿನಲ್ಲಿ ಸೆರೆಸಿಕ್ಕ ಕಂಪನಿ ಅಧಿಕಾರಿ ವಾಲ್ಟರ್ ಎಲಿಯಟ್ ಮುಂದೆ ಕನ್ನಡನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದ. ಆಮೇಲೆ ವಿಶಾಖಪಟ್ಟಣದ ವಾಲ್ಟೇರ್ ಕರಾವಳಿಯಲ್ಲಿ ಸೀ ಸ್ಲಗ್‌ಗಳನ್ನು ಸಂಗ್ರಹಿಸಿದ. ಅವನ್ನು ವಿವರಿಸಿ 1864ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ಜೋಶುವಾ ಆಲ್ಡರ್ ಮತ್ತು ಆಲ್ಬನಿ ಹ್ಯಾಂಕಾಕ್. ಅವುಗಳಲ್ಲೊಂದು ಕಳಿಂಗ ಆರ್ನೇಟಾ. ಆ ಹೆಸರು ಇಂದಿಗೂ ನಿಂತಿದೆ. ಆ ಇಬ್ಬರೂ ಜೀವಂತ ಹುಳುವನ್ನು ಕಂಡವರಲ್ಲ. ಬಣ್ಣಕ್ಕೆ ಚಿತ್ರ, ಅಂಗರಚನೆಗೆ ಮದ್ಯಸಾರದಲ್ಲಿಟ್ಟ ದೇಹ, ಎರಡೂ ಬೇಕಾದವು. ಮದ್ಯಸಾರ ಬಣ್ಣವನ್ನು ನುಂಗುತ್ತದೆ, ಚಿತ್ರವೋ ಒಳಗನ್ನು ತೋರಿಸುವುದಿಲ್ಲ.

ಈಗ ಕ್ಯಾಮೆರಾ ಇದೆಯಲ್ಲ, ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗುವವರೆಲ್ಲ ಸ್ಪಷ್ಟ ಚಿತ್ರ ತರುತ್ತಾರಲ್ಲ ಎನ್ನಬಹುದು. ಆದರೆ ಈ ಜೀವಿಗಳಲ್ಲಿ ಹೆಚ್ಚು ಮೋಸ ಮಾಡುವುದೇ ಬಣ್ಣ. ವಿಷಕಾರಿ ಫಿಲಿಡಿಯಾ ಸ್ಲಗ್‌ನ ವೇಷವನ್ನು ಒಂದು ಜಾತಿಯ ಸಮುದ್ರಸೌತೆಯ ಮರಿ ತೊಡುತ್ತದೆ, ಕೆಲವು ಚಪ್ಪಟೆ ಹುಳುಗಳೂ ತೊಡುತ್ತವೆ. ಪಟ್ಟೆಪಟ್ಟೆಯ ಕ್ರೋಮೋಡೋರಿಸ್ ಕುಲದ ಮೇಲೆ 2018ರಲ್ಲಿ ಬಂದ ಡಿಎನ್‌ಎ ಅಧ್ಯಯನ, ಒಂದೇ ಪ್ರಭೇದ ಹಲವು ಬಣ್ಣ ತಾಳುವುದನ್ನೂ ಬೇರೆ ಪ್ರಭೇದಗಳು ಒಂದೇ ಬಣ್ಣದಲ್ಲಿರುವುದನ್ನೂ ತೋರಿಸಿತು. ಹಾಗಾಗಿ ತಲೆಯ ಮೇಲಿನ ಕೊಂಬಿನಂಥ ಘ್ರಾಣಾಂಗ, ಬೆನ್ನ ಮೇಲಿನ ಕಿವಿರು, ನಾಲಗೆಯಂತಿರುವ ಹಲ್ಲುಪಟ್ಟಿ, ಜನನಾಂಗ, ಇವನ್ನೆಲ್ಲ ನೋಡದೆ ಹೆಸರು ಕೊಡುವುದು ಆತುರ. ಹಲ್ಲುಪಟ್ಟಿಯೇ ಇಲ್ಲದಿರುವುದೂ ಕುರುಹಾಗಬಹುದು, ಫಿಲಿಡಿಯಾಗೆ ಅದಿಲ್ಲ.

ಒಳಗನ್ನು ನೋಡಲು ಹುಳುವನ್ನು ಕೊಯ್ಯಬೇಕಲ್ಲ. ಹೆಚ್ಚು ತೂಕದ ಆಕ್ಷೇಪವೆಂದರೆ, ಹೆಸರಿಗಾಗಿ ಜೀವ ತೆಗೆಯಬೇಕೇ? ಅಪರೂಪದ್ದಾದರೆ ಬೇಡವೆಂದೇ ನನ್ನ ಮಾತು. ಅಂಗಾಂಶದ ಚೂರು, ಎಲ್ಲ ಮಗ್ಗುಲ ಚಿತ್ರ, ಆಳ, ಉದ್ದ, ದಿನಾಂಕ, ಯಾವ ಸ್ಪಂಜಿನ ಮೇಲಿತ್ತು ಎಂಬುದನ್ನು ಬರೆದಿಟ್ಟು ಹೆಸರನ್ನು ಬಾಕಿ ಇಡಬಹುದು. ಇದಕ್ಕೆ ತಾಳ್ಮೆ ಬೇಕು, ಹೊಸದನ್ನು ಕಂಡವರಿಗೆ ಕಷ್ಟವಾಗುವುದೇ ಅದು. ಆದರೆ ಹೊಸ ಪ್ರಭೇದವೆಂದು ಪ್ರಕಟಿಸಿದ ಮೇಲೆ ಮಾದರಿ ಯಾವುದೆಂದು ಹೇಳಲೇಬೇಕು. ಭಾರತದಲ್ಲಿ 2002ರ ಜೀವವೈವಿಧ್ಯ ಕಾಯ್ದೆಯೂ ಹೊಸ ಪ್ರಭೇದದ ಮಾದರಿಯನ್ನು ಸರ್ಕಾರ ಗೊತ್ತುಮಾಡಿದ ಸಂಗ್ರಹಾಲಯದಲ್ಲಿ ಇಡಬೇಕೆನ್ನುತ್ತದೆ. ಕೋಲ್ಕತ್ತದ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆ ಅಂಥದೊಂದು. ಇದನ್ನು ಬರಿ ಕಾಗದಪತ್ರದ ಕಾಟವೆಂದು ಗೊಣಗುವವರಿದ್ದಾರೆ. ಆದರೆ ಅಲ್ಲಿಟ್ಟ ಸೀಸೆಯೊಂದೇ, ಹೆಸರಿಟ್ಟವರು ತಪ್ಪಿದ್ದರೆ ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೂ ಅದನ್ನು ತೋರಿಸಿಕೊಡಬಲ್ಲದು.