ಪಾಠದ ವಿಡಿಯೊಗೆ ಸಲಕರಣೆ: ಮೊದಲು ಧ್ವನಿ, ಆಮೇಲೆ ಕ್ಯಾಮೆರಾ

ಪಾಠದ ವಿವರಣೆಯನ್ನು ವಿದ್ಯಾರ್ಥಿಗಳು ಮನೆಯಲ್ಲೇ ವಿಡಿಯೊದಲ್ಲಿ ನೋಡಿಕೊಂಡು ಬಂದು, ತರಗತಿಯ ಅವಧಿಯನ್ನು ಲೆಕ್ಕ, ಚರ್ಚೆ, ಪ್ರಯೋಗಗಳಿಗೆ ಬಳಸುವ ಪದ್ಧತಿಗೆ ‘ಫ್ಲಿಪ್ಡ್ ಕ್ಲಾಸ್‌ರೂಮ್’ ಎಂದು ಹೆಸರು. ಅಮೆರಿಕದ ಕೊಲರಾಡೊ ರಾಜ್ಯದ ರಸಾಯನಶಾಸ್ತ್ರ ಶಿಕ್ಷಕರಾದ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ 2007ರಲ್ಲಿ ಇದನ್ನು ಆರಂಭಿಸಿದಾಗ ನೆಚ್ಚಿಕೊಂಡದ್ದು ಸ್ಟುಡಿಯೊವನ್ನಲ್ಲ, ಕಂಪ್ಯೂಟರ್ ಪರದೆಯನ್ನು ಧ್ವನಿಸಹಿತ ಸೆರೆಹಿಡಿಯುವ ಒಂದು ಸಾಫ್ಟ್‌ವೇರನ್ನು.

ಸಲಕರಣೆ ಕೊಳ್ಳುವ ಮೊದಲು ಪಾಠದಲ್ಲಿ ಏನನ್ನು ತೋರಿಸಬೇಕು ಎಂಬುದನ್ನು ನಿರ್ಧರಿಸಬೇಕು. ಗಣಿತದಂತೆ ಹಂತಹಂತವಾಗಿ ಬರೆದು ತೋರಿಸುವ ಪಾಠಕ್ಕೆ, ಹಾಳೆಯ ಮೇಲೆ ಕೆಳಮುಖವಾಗಿ ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲ್ ಸಾಕು. ಸ್ಲೈಡ್ ಅಥವಾ ನಕ್ಷೆಗಳ ಪಾಠಕ್ಕೆ ಉಚಿತವಾಗಿ ದೊರೆಯುವ ಓಬಿಎಸ್ ಸ್ಟುಡಿಯೊದಂತಹ ಪರದೆ-ರೆಕಾರ್ಡರ್ ಒಪ್ಪುತ್ತದೆ.

ಇನ್ನು ಧ್ವನಿಯ ವಿಷಯ; ಹಣ ಖರ್ಚು ಮಾಡಲೇಬೇಕಾದ ಜಾಗ ಇದೊಂದೇ. ಚಿತ್ರ ತುಸು ಮಸುಕಾದರೆ ವಿದ್ಯಾರ್ಥಿ ಸಹಿಸಿಕೊಂಡಾನು, ಆದರೆ ಫ್ಯಾನಿನ ಸದ್ದಿನಲ್ಲಿ ಶಿಕ್ಷಕರ ಮಾತು ಮುಳುಗಿದರೆ ಪಾಠವೇ ತಲುಪುವುದಿಲ್ಲ. ಆದ್ದರಿಂದ ಅಂಗಿಯ ಕಾಲರಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಬಾಯಿಗೆ ಒಂದು ಗೇಣು ದೂರದಲ್ಲಿಟ್ಟು, ಗೋಡೆಗಳಿಂದ ದನಿ ಮರುಕಳಿಸದಂತೆ ಪರದೆ ಬಟ್ಟೆಗಳಿರುವ ಕೋಣೆಯಲ್ಲಿ ರೆಕಾರ್ಡ್ ಮಾಡುವುದು ಉತ್ತಮ. ಉಳಿದ ಗುಂಯ್‌ಗುಡುವಿಕೆಯನ್ನು ಅಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತಗ್ಗಿಸಬಹುದು.

ಅನಂತರ ಸಂಕಲನ, ಅಂದರೆ ಬೇಡವಾದ ಭಾಗಗಳನ್ನು ಕತ್ತರಿಸಿ ಜೋಡಿಸುವ ಕೆಲಸ. ಶಾಟ್‌ಕಟ್, ಓಪನ್‌ಶಾಟ್‌ಗಳು ಉಚಿತವಾಗಿವೆ. ಆಯ್ಕೆಯ ವೇಳೆ ಯೂನಿಕೋಡ್ ಕನ್ನಡದಲ್ಲಿ ಒತ್ತಕ್ಷರಗಳಿರುವ ಒಂದು ವಾಕ್ಯವನ್ನು ಟೈಪಿಸಿ ನೋಡಬೇಕು. ಒತ್ತುಗಳು ಒಡೆದು ಬಿಡಿಬಿಡಿಯಾಗಿ ಕಂಡರೆ, ಶೀರ್ಷಿಕೆಯನ್ನು ಸ್ಲೈಡಿನಲ್ಲೇ ಸಿದ್ಧಪಡಿಸಿ ಚಿತ್ರವಾಗಿ ಸೇರಿಸಬೇಕಾಗುತ್ತದೆ.

ವಿಡಿಯೊ ಎಷ್ಟು ಉದ್ದವಿರಬೇಕು ಎಂಬುದಕ್ಕೂ ಆಧಾರವಿದೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವು, ವಿಡಿಯೊ ಎಷ್ಟೇ ದೀರ್ಘವಾಗಿದ್ದರೂ ನೋಡುಗರು ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಹೆಚ್ಚು ಕಾಲ ನೋಡುವುದಿಲ್ಲವೆಂದು ತೋರಿಸಿತು. ಸೆಕೆಂಡಿಗೆ ಒಂದು ಮೆಗಾಬಿಟ್ ಪ್ರಮಾಣದಲ್ಲಿ ಉಳಿಸಿದ ಆರು ನಿಮಿಷದ ಕಡತವು ಸುಮಾರು 45 ಎಂಬಿಯಷ್ಟಾಗುವುದರಿಂದ, ಮನೆಯಲ್ಲಿ ಒಂದೇ ಮೊಬೈಲಿದ್ದು ನೆಟ್‌ವರ್ಕ್ ಕೈಕೊಡುವ ಊರುಗಳ ಮಕ್ಕಳಿಗೆ ಅದನ್ನು ಶಾಲೆಯಲ್ಲೇ ಮೆಮೊರಿ ಕಾರ್ಡಿಗೆ ಹಾಕಿಕೊಡುವ ಏರ್ಪಾಡೂ ಇರಬೇಕು. ಈ ಮಕ್ಕಳನ್ನು ಮರೆತ ಯಾವ ಆಯ್ಕೆಯೂ ಸರಿಯಾದುದಲ್ಲ.

ಪೂರ್ಣ ಪಾಠಕ್ಕೆ ತೊಡಗುವ ಮುನ್ನ ಶಿಕ್ಷಕರು ಎರಡು ನಿಮಿಷದ ಮಾದರಿಯೊಂದನ್ನು ರೆಕಾರ್ಡ್ ಮಾಡಿ, ತಮ್ಮ ಲ್ಯಾಪ್‌ಟಾಪಿನಲ್ಲಲ್ಲದೆ, ವಿದ್ಯಾರ್ಥಿಗಳ ಮನೆಯಲ್ಲಿರುವಂತಹ ಅಗ್ಗದ ಮೊಬೈಲಿನಲ್ಲಿ ಇಯರ್‌ಫೋನ್ ಇಲ್ಲದೆ ಕೇಳಿ ನೋಡಬೇಕು.